ಮೊದಲು ಕಂಡವರು ಯಾರು?

ಬೆಳಿಗ್ಗೆ ಯಾರಾದರೂ ಎದುರಿಗೆ ಬಂದು ನಕ್ಕು ನಮಸ್ಕಾರ ಹೇಳಿದರೆ ಹೊಳಬಸಪ್ಪನ ಅರ್ಧ ದಿನ ಕೆಡುತ್ತಿತ್ತು. ಈ ಮನುಷ್ಯ ನಿನ್ನೆ ನಕ್ಕಿರಲಿಲ್ಲ, ಇವತ್ತೇಕೆ ನಕ್ಕ? ಏನೋ ಗೊತ್ತಾಗಿದೆ. ಹೇಳಿದವರು ಯಾರು? ಹೀಗೆ ಒಂದು ನಗುವಿನ ಬೆನ್ನು ಹತ್ತಿ ಹೊರಟವನು ಊಟದ ಹೊತ್ತಿಗೆ ತನ್ನ ವಿರುದ್ಧದ ಪಿತೂರಿಯನ್ನು ಪೂರಾ ಪತ್ತೆ ಹಚ್ಚಿ, ಅದರಲ್ಲಿ ಕ್ಯಾಂಟೀನಿನ ದೇವಪ್ಪನ ಪಾಲು ಎಷ್ಟೆಂಬುದನ್ನೂ ತೀರ್ಮಾನಿಸಿ, ಆಮೇಲೆ ಅದೇ ದೇವಪ್ಪನ ಕೈಯ ಚಹಾ ಕುಡಿಯುತ್ತಿದ್ದ. ಕುಡಿಯುವ ಮುಂಚೆ ಮೂಸುತ್ತಿದ್ದ ಎಂಬುದು ಜನ ಹಬ್ಬಿಸಿದ ಸುಳ್ಳು. ಅವನು ನೋಡುತ್ತಿದ್ದದ್ದು ಸಕ್ಕರೆ ಕರಗಿದೆಯೋ ಇಲ್ಲವೋ ಎಂದು.

ಇಂಥವನಿಗೆ ದೇವರು ಸರಿಯಾದ ಕೆಲಸವನ್ನೇ ಕೊಟ್ಟಿದ್ದ. ಅವನಿದ್ದ ಸಂಸ್ಥೆಗೆ ಬಾಗಲಕೋಟೆಯ ನವನಗರದಲ್ಲಿ ಒಂದು ದೊಡ್ಡ ಆಸ್ಪತ್ರೆ, ಬಾದಾಮಿ, ಹುನಗುಂದ, ಇಳಕಲ್ಲಿನಲ್ಲಿ ಮೂರು ಸಣ್ಣ ಆಸ್ಪತ್ರೆ. ನಾಲ್ಕೂ ಕಡೆಯ ಕಂಪ್ಯೂಟರುಗಳು, ಎಕ್ಸ್‌ರೇ ಚಿತ್ರಗಳನ್ನೂ ರಕ್ತದ ವರದಿಗಳನ್ನೂ ಇಟ್ಟುಕೊಂಡ ಸರ್ವರುಗಳು ಹತ್ತೊಂಬತ್ತು ವರ್ಷದಿಂದ ಹೊಳಬಸಪ್ಪನ ಸುಪರ್ದಿಯಲ್ಲಿದ್ದವು. ಕೈಕೆಳಗೆ ಊರಿಗೊಬ್ಬರಂತೆ ಮೂವರು. ಅವನಿಗೆ ಒಂದು ಕೋಣೆ. ಆ ಕೋಣೆಯಲ್ಲಿ ಸರ್ವರಿಗೆಂದು ಹಾಕಿದ ಎ.ಸಿ. ಬಾಗಲಕೋಟೆಯ ಏಪ್ರಿಲ್ ತಿಂಗಳನ್ನು ಕಂಡವರಿಗೆ ಆ ಹುದ್ದೆಯ ಘನತೆ ಬೇರೆ ಹೇಳಬೇಕಾಗಿಲ್ಲ. ಹೊರಗೆ ಮೆಡಿಕಲ್ ಸುಪರಿಂಟೆಂಡೆಂಟರು ಬೆವರು ಒರೆಸಿಕೊಳ್ಳುತ್ತಿದ್ದರೆ, ಒಳಗೆ ಡಿಪ್ಲೊಮಾ ಪಾಸಾದ ಹೊಳಬಸಪ್ಪ ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದ.

ಯಂತ್ರಗಳ ಮೇಲೆ ಕಣ್ಣಿಡುವುದಕ್ಕೆಂದೇ ಒಂದು ಸಾಫ್ಟ್‌ವೇರ್ ಇತ್ತು. ಎಲ್ಲಿ ಏನು ಕೆಟ್ಟರೂ ಪರದೆಯ ಮೇಲೆ ಕೆಂಪು ದೀಪ ತೋರಿಸುವುದು ಅದರ ಕೆಲಸ. ಕಷ್ಟವೆಂದರೆ ಅದು ಎಲ್ಲದಕ್ಕೂ ಕೆಂಪಾಗುತ್ತಿತ್ತು. ಪ್ರಿಂಟರಿನಲ್ಲಿ ಕಾಗದ ಮುಗಿದರೆ ಕೆಂಪು. ಹುನಗುಂದದಲ್ಲಿ ಕರೆಂಟು ಒಮ್ಮೆ ಮಿಣುಕಿದರೆ ಕೆಂಪು. ದಿನಕ್ಕೆ ನಾನೂರು ಸಲ ಬೆಂಕಿ ಬಿತ್ತು ಎಂದು ಕೂಗುವವನ ಮಾತಿಗೆ ಯಾರು ತಾನೆ ಏಳುತ್ತಾರೆ? ಹೊಳಬಸಪ್ಪ ಮೊದಲ ವರ್ಷ ಧ್ವನಿ ಆರಿಸಿದ. ಎರಡನೆಯ ವರ್ಷ ಪರದೆಯ ಮೇಲೆ ಒಂದು ಟವೆಲ್ ಹೊದಿಸಿದ. ತಪಾಸಣೆಗೆ ಯಾರಾದರೂ ಬಂದಾಗ ಟವೆಲ್ಲನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

ಹೀಗೆ ಸುಖವಾಗಿದ್ದ ಮನುಷ್ಯನನ್ನು ಮಾರ್ಚ್ ಕೊನೆಯ ವಾರ ಆಡಳಿತಾಧಿಕಾರಿ ಶ್ರೀಶೈಲ ಸಾಹೇಬರು ಕರೆಸಿದರು. ಕರೆಸಿದ್ದಷ್ಟೇ ಅಲ್ಲ, ಕುರ್ಚಿ ತೋರಿಸಿ "ಕುಂಡರ್ರಿ" ಅಂದರು. ಹೊಳಬಸಪ್ಪ ಕುರ್ಚಿಯ ತುದಿಗೆ ಕೂತ. ಸಾಹೇಬರ ಕೋಣೆಯಲ್ಲಿ ಕೂತವರು ಯಾರೂ ಸುಖಪಟ್ಟಿರಲಿಲ್ಲ.

"ನೋಡ್ರಿ ಹೊಳಬಸಪ್ಪ, ನಿಮ್ಮ ಕಣ್ಣಿಡೋ ಸಾಫ್ಟ್‌ವೇರ್ ಸುಧಾರಣಿ ಆಗೇತಿ. ಕಂಪನಿಯವ್ರು ಹುಬ್ಬಳ್ಳಿಯಿಂದ ಒಬ್ಬಾಕಿನ್ನ ಕಳಸ್ತಾರ. ನಿಮ್ಮ ನಾಲ್ಕೂ ಮಂದಿಗೆ ತರಬೇತಿ ಕೊಡ್ತಾಳ."

"ಭಾಳ ಛಲೋ ಆತ್ರಿ ಸಾಹೇಬ್ರ."

"ಏಪ್ರಿಲ್ ಒಂದು ತಿಂಗಳು ಪರೀಕ್ಷೆ. ಕೆಂಪು ಬಂದಿಂದ ಹದಿನೈದು ಮಿನಿಟಿನ್ಯಾಗ ಯಾರರ ಒಬ್ಬರು 'ಗಮನಿಸಿದೆ' ಅನ್ನೋ ಗುಂಡಿ ಒತ್ತಿ ಕೆಲಸಕ್ಕ ನಿಂದ್ರಬೇಕು. ಒಂದs ಒಂದು ಸಲ ತಪ್ಪಿತಂದ್ರ, ಕಣ್ಣಿಡೋ ಕೆಲಸ ಪುಣೆದ ಕಂಪನಿಗೆ ಹೋಗ್ತದ. ಅವರು ಅಲ್ಲೇ ಕುಂತು ನೋಡ್ತಾರಂತ."

"ಮತ್ತ ನಾವ್ರೀ?"

"ನಿಮಗ ಹುನಗುಂದದ ಹಳೇ ಕೇಸ್‌ಪೇಪರಿನ ಖೋಲಿ ಐತಲ್ಲ. ಅಲ್ಲಿ ಒಬ್ಬರು ಬೇಕಾಗ್ಯಾರ. ಉಳಿದ ಮೂವರದ್ದು ಆಮೇಲೆ ನೋಡೋಣು."

ಹುನಗುಂದದ ಆ ಖೋಲಿಯನ್ನು ಹೊಳಬಸಪ್ಪ ಬಲ್ಲ. ತಗಡಿನ ಛಾವಣಿ. ಇದ್ದ ಒಂದು ಫ್ಯಾನು ತಿರುಗುವುದಕ್ಕಿಂತ ಹೆಚ್ಚು ಮಾತಾಡುತ್ತಿತ್ತು. ಅವನು ಹೊರಗೆ ಬಂದ. ಸುಧಾರಣೆಯಂತೆ, ತರಬೇತಿಯಂತೆ! ತನ್ನನ್ನು ಎತ್ತಂಗಡಿ ಮಾಡಲು ಹುಬ್ಬಳ್ಳಿಯಿಂದ ಒಬ್ಬಳನ್ನು ತರಿಸುತ್ತಿದ್ದಾರೆ ಎಂಬುದು ಅವನಿಗೆ ಹಗಲಿನಷ್ಟು ಸ್ಪಷ್ಟವಾಯಿತು.

ಬಂದವಳ ಹೆಸರು ಯಾಸ್ಮೀನ. ಇಪ್ಪತ್ತೆಂಟರ ಹುಡುಗಿ, ಹೆಗಲಿಗೊಂದು ಚೀಲ, ಕೈಯಲ್ಲೊಂದು ನೀಲಿ ನೋಟ್‌ಬುಕ್ಕು. ಕಂಪ್ಯೂಟರಿನವಳು ಕಂಪ್ಯೂಟರಿನಲ್ಲಿ ಬರೆಯದೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆಂದರೆ ಏನರ್ಥ? ಮೊದಲ ಅನುಮಾನ. ಅವಳು ಟವೆಲ್ಲನ್ನು ನೋಡಿಯೂ ಏನೂ ಕೇಳಲಿಲ್ಲ. ಎರಡನೆಯ ಅನುಮಾನ.

ಮೂರು ದಿನ ಅವಳು ಅವನ ಪಕ್ಕದಲ್ಲಿ ಸುಮ್ಮನೆ ಕೂತಳು. ಹೊಸ ಆವೃತ್ತಿಯಲ್ಲಿ ಬೇಡದ ಕೆಂಪುಗಳನ್ನೆಲ್ಲ ಒಂದೊಂದಾಗಿ ಕೇಳಿ ತೆಗೆದಳು. "ಇದು ಬೇಕೇನ್ರಿ ಸರ್? ಇದು ಬಂದ್ರ ನೀವೇನ್ ಮಾಡ್ತೀರಿ? ಏನೂ ಮಾಡಂಗಿಲ್ಲಂದ್ರ ತಗದ್ಬಿಡೋಣ್ರಿ." ನಾನೂರು ಇದ್ದದ್ದು ದಿನಕ್ಕೆ ಆರೇಳಕ್ಕೆ ಇಳಿಯಿತು. ಯಾವನಿಗಾದರೂ ಸಂತೋಷವಾಗಬೇಕು. ಹೊಳಬಸಪ್ಪನಿಗೆ ಹೆದರಿಕೆಯಾಯಿತು. ನಾನೂರರಲ್ಲಿ ಒಂದನ್ನು ನೋಡದಿದ್ದರೆ ನೆಪ ಹೇಳಬಹುದು; ಆರರಲ್ಲಿ ಒಂದನ್ನು ನೋಡದಿದ್ದರೆ ಏನು ಹೇಳುವುದು?

ನಾಲ್ಕನೆಯ ದಿನ ಬಾದಾಮಿಯ ಬೀರಲಿಂಗ ಯಾವುದೋ ಬಿಡಿಭಾಗ ಒಯ್ಯಲು ಬಾಗಲಕೋಟೆಗೆ ಬಂದಿದ್ದ. ಚೊಳಚಗುಡ್ಡದವನು, ಮೂವತ್ತರ ಆಸುಪಾಸು. ಮನೆಯಲ್ಲಿ ಅಣ್ಣಂದಿರು ಕುರಿ ಕಾಯುತ್ತಿದ್ದರೆ ಇವನು ಬಾದಾಮಿಯ ಆಸ್ಪತ್ರೆಯ ಸರ್ವರ್ ಕಾಯುತ್ತಿದ್ದ. ಹೊಳಬಸಪ್ಪ ಅವನನ್ನು ಮೂಲೆಗೆ ಕರೆದ.

"ಲೇ ಬೀರಲಿಂಗ, ಆಕಿ ಚಹಾಕ್ಕ ಹೋಗ್ಯಾಳ. ಆ ನೋಟ್‌ಬುಕ್ಕಿನ್ಯಾಗ ನನ್ನ ಬಗ್ಗೆ ಏನ್ ಬರದಾಳ ನೋಡ್ಕೊಂಡ್ ಬಾ."

"ನೀವs ನೋಡ್ರಲ್ಲ ಸರ."

"ನಾ ದೊಡ್ಡಾಂವ ಅದೇನಿ. ನಾ ನೋಡಿದ್ರ ಛಂದ ಕಾಣಂಗಿಲ್ಲ."

ಬೀರಲಿಂಗ ಹೋಗಿ ಬಂದು, ಮುಖ ಸಣ್ಣದು ಮಾಡಿಕೊಂಡು ಹೇಳಿದ: "ನಿಮ್ಮ ಹೆಸರಿನ ಮುಂದ ಮೂರು ಗೆರಿ ಹೊಡದಾಳ್ರಿ ಸರ. ಕೆಂಪು ಪೆನ್ನಿಲೆ."

ಮೂರು ಗೆರೆ! ಹೊಳಬಸಪ್ಪ ಆ ದಿನ ಮನೆಗೆ ಹೋಗಿ ತಟ್ಟೆಯ ಮುಂದೆ ಕೂತವನು ರೊಟ್ಟಿ ಮುರಿಯಲೇ ಇಲ್ಲ. ಹೆಂಡತಿ ಗುರುಲಿಂಗವ್ವ ಎಲ್ಲ ಕೇಳಿ ಹೇಳಿದಳು: "ಮೂರು ಗೆರಿ ಹೊಡದ್ರ ಏನಾತ್ರಿ? ನೀವು ಹಾಲಿನಾಂವನ ಹೆಸರಿನ ಮುಂದ ದಿನಾ ಗೆರಿ ಹೊಡೀತೀರಿ. ಅಂವ ಒಂದು ದಿನರ ಊಟಾ ಬಿಟ್ಟಾನೇನು?"

"ನಿನಗ ತಿಳಿಯಂಗಿಲ್ಲ. ಇದು ಆಫೀಸಿನ ಗೆರಿ."

"ಹೌದ್ರಿ, ಆಫೀಸಿನ ಗೆರಿ ಅಂದ್ರ ಬ್ಯಾರೇನs ಇರ್ತಾವು. ಪಲ್ಯ ಆರಾಕತ್ತೇತಿ, ಉಣ್ರಿ ಮೊದಲ."

ತರಬೇತಿ ಬಾದಾಮಿಯಲ್ಲಿ ನಡೆಯಿತು, ಆಸ್ಪತ್ರೆಯ ಮೇಲಂತಸ್ತಿನ ಹಾಲಿನಲ್ಲಿ. ಹುನಗುಂದದಿಂದ ದಾನಮ್ಮ ಬಂದಿದ್ದಳು, ನಲವತ್ತರ ಹೆಂಗಸು, ಮಾತು ನೇರ. ಇಳಕಲ್ಲಿನಿಂದ ಜಾಫರಸಾಬ ಬಂದಿದ್ದ. ನಾಲ್ವರಲ್ಲಿ ವಯಸ್ಸಿಗೆ ದೊಡ್ಡವನು, ಯಾವ ಪ್ರಶ್ನೆಗೂ ಮೊದಲು ಉತ್ತರ ಕೊಡದೆ ಇಪ್ಪತ್ತೆರಡು ವರ್ಷ ನೌಕರಿ ಮಾಡಿದ ಅನುಭವಿ. ಮಧ್ಯಾಹ್ನ ಬನಶಂಕರಿ ಗುಡಿಯ ಹತ್ತಿರ ಊಟ ಮಾರುವ ಹೆಂಗಸರಿಂದ ರೊಟ್ಟಿ, ಬದನೆಕಾಯಿ, ಕೆಂಪು ಖಾರದ ಬುಟ್ಟಿ ಬಂತು. ಎಲ್ಲರೂ ಹೊಟ್ಟೆ ತುಂಬ ಉಂಡರು. ಆಮೇಲೆ ಯಾಸ್ಮೀನ ಹೇಳಿದಳು: "ಈಗ ನಾ ಒಂದು ಸುಳ್ಳು ಕೆಂಪು ಹಚ್ಚತೇನಿ. ಖರೆ ಅಂತ ತಿಳಕೊಂಡು ನಿಮಗ ಏನ್ ಮಾಡಬೇಕನಸ್ತದೋ ಅದನ್ನ ಮಾಡ್ರಿ."

ನಾಲ್ವರ ಪರದೆಯ ಮೇಲೂ ಕೆಂಪು ದೀಪ ಮೂಡಿ, ಪಕ್ಕದಲ್ಲಿ ಕೋಣೆಯ ಬಿಸಿಯ ಅಂಕಿ ಒಂದೊಂದಾಗಿ ಏರತೊಡಗಿತು. ಕೆಳಗೆ ದೊಡ್ಡದಾಗಿ 'ಗಮನಿಸಿದೆ' ಎಂಬ ಗುಂಡಿ. ಕೆಂಪೂ ಗುಂಡಿಯೂ ಅವರವರ ಮೊಬೈಲಿನಲ್ಲಿಯೂ ಬರುತ್ತಿದ್ದವು. ಒತ್ತಿದರೆ ಒತ್ತಿದವರ ಹೆಸರೂ ಹೊತ್ತೂ ಎಲ್ಲರಿಗೂ ಕಾಣುತ್ತದೆ. ಬೇರೆಯವರು ನಿಶ್ಚಿಂತೆಯಿಂದ ಇರಬಹುದು. ಅಷ್ಟೇ ವಿಷಯ.

ಐದು ನಿಮಿಷವಾಯಿತು. ಯಾರೂ ಒತ್ತಲಿಲ್ಲ. ಜಾಫರಸಾಬ ಕನ್ನಡಕ ತೆಗೆದು ಒರೆಸಿದ. ಬೀರಲಿಂಗ ಮೇಜಿನ ಕೆಳಗೆ ಬಿದ್ದಿಲ್ಲದ ಪೆನ್ನು ಹುಡುಕಿದ. ಹತ್ತು ನಿಮಿಷವಾಯಿತು.

"ಯಾಕ ಒತ್ತವಲ್ರಿ?" ಯಾಸ್ಮೀನ ಕೇಳಿದಳು.

"ದೊಡ್ಡವ್ರು ಒತ್ತಲಿ ತಗೋರಿ ಮೇಡಂ," ಎಂದ ಬೀರಲಿಂಗ, ಜಾಫರಸಾಬನ ಕಡೆ ಕೈ ತೋರಿಸಿ.

"ವಯಸ್ಸಿಗೆ ದೊಡ್ಡಾಂವ ನಾ, ಹುದ್ದಿಗೆ ದೊಡ್ಡವ್ರು ಹೊಳಬಸಪ್ಪ ಸರು," ಎಂದ ಜಾಫರಸಾಬ.

"ಇದು ಕಲಿಯೋದು ಐತಿ, ಸಣ್ಣವ್ರು ಕಲೀಲಿ," ಎಂದ ಹೊಳಬಸಪ್ಪ ದೊಡ್ಡ ಮನಸ್ಸಿನಿಂದ.

ಇಪ್ಪತ್ತು ನಿಮಿಷವಾದ ಮೇಲೆ ದಾನಮ್ಮನಿಗೆ ತಡೆಯಲಾಗಲಿಲ್ಲ. "ಮೇಡಂ, ನೀವು ಹುಬ್ಬಳ್ಳಿಯವ್ರು, ನಿಮಗ ನಮ್ಮಲ್ಲಿದು ಗೊತ್ತಿಲ್ಲ. ಇಲ್ಲಿ ಏನರ ಕೆಟ್ಟಿತಂದ್ರ ಸಾಹೇಬ್ರು ಮೊದಲ ಕೇಳೋದು, ಯಾಕ ಕೆಟ್ಟಿತು ಅಂತಲ್ಲ, 'ಮೊದಲು ಕಂಡವರು ಯಾರು' ಅಂತ. ಕಂಡಾಂವಗ ನೋಟಿಸು. ನೀ ಅಲ್ಲಿ ಯಾಕ ಹೋಗಿದ್ದಿ, ಹೋದಾಂವ ಮೊದಲs ಯಾಕ ಹೋಗಲಿಲ್ಲ. ಉತ್ತರ ಬರೀಲಿಕ್ಕೆ ಒಂದು ತಿಂಗಳು ಹಿಡೀತದ."

"ನಮ್ಮ ಕುರಿ ಹಟ್ಟ್ಯಾಗ ತೋಳ ಕಂಡಾಂವ ಒದರ್ತಾನ್ರಿ," ಎಂದ ಬೀರಲಿಂಗ. "ಇಲ್ಲಿ ಒದರಿದಾಂವನ್ನ ಹಿಡೀತಾರ."

"ಇದನ್ನ ನಿಮಗ ಯಾರು ಹೇಳ್ಯಾರ?"

ಮೂವರೂ ಹೊಳಬಸಪ್ಪನನ್ನು ನೋಡಲಿಲ್ಲ. ನೋಡದೆ ಇದ್ದ ರೀತಿಯಿಂದಲೇ ಯಾಸ್ಮೀನಳಿಗೆ ತಿಳಿಯಿತು.

ವಿಷಯ ಹಳೆಯದು. ಹೊಳಬಸಪ್ಪ ಕೆಲಸಕ್ಕೆ ಸೇರಿದ ಎರಡನೆಯ ಮಳೆಗಾಲದಲ್ಲಿ ಸರ್ವರ್ ಕೋಣೆಯ ಛಾವಣಿ ಸೋರಿತ್ತು. ಯಂತ್ರದ ಮೇಲೆ ನೀರು ಬೀಳುವುದನ್ನು ಕಂಡು ಅವನು ಓಡಿಹೋಗಿ ಹೇಳಿದ. ಸೋರಿದ್ದು ಛಾವಣಿ, ನೋಟಿಸು ಬಂದದ್ದು ಇವನಿಗೆ. ಆ ವರ್ಷದ ಬಡ್ತಿ ಹೋಯಿತು. ಅಂದಿನಿಂದ ತನ್ನ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಅವನು ಮೊದಲ ದಿನವೇ, ಚಹಾ ಕುಡಿಸಿ, ಬಾಗಿಲು ಹಾಕಿ ಒಂದು ಪಾಠ ಹೇಳುತ್ತಿದ್ದ. ಕಂಡರೂ ಕಾಣದ ಹಾಗೆ ಇರು; ಯಾರಾದರೂ ಬಂದು ಹೇಳಲಿ, ಆಮೇಲೆ ಗಾಳಿಯ ಹಾಗೆ ಓಡು. ಸಂಸ್ಥೆ ಕೊಟ್ಟ ಯಾವ ತರಬೇತಿಯೂ ಇಷ್ಟು ಚೆನ್ನಾಗಿ ನಾಟಿರಲಿಲ್ಲ.

ಯಾಸ್ಮೀನ ನೋಟ್‌ಬುಕ್ಕು ತೆಗೆದಳು. ಹೊಳಬಸಪ್ಪ ಇನ್ನು ತಡೆಯಲಾರದೆ ಕೇಳಿಯೇಬಿಟ್ಟ: "ಮೇಡಂ, ಆ ಮೂರು ಗೆರಿ ಯಾತಕ್ಕ ಹೊಡದೀರಿ?"

ಅವಳು ತನ್ನ ನೋಟ್‌ಬುಕ್ಕನ್ನು ಯಾರು ನೋಡಿದರು ಎಂದು ಕೇಳಲಿಲ್ಲ. "ಕೆಂಪು ಬಂದ ಮ್ಯಾಲೆ ನೀವು ಯಂತ್ರ ಮುಟ್ಟೂದಕ್ಕಿಂತ ಮೊದಲ ಎಷ್ಟು ಮಂದಿಗೆ ಫೋನ್ ಹಚ್ಚಿದ್ರಿ ಅನ್ನೋ ಲೆಕ್ಕರಿ ಸರ್. ಯಾಕ ಹಚ್ಚತೀರಿ ಅಂತ ನಂಗ ತಿಳಿದಿರಲಿಲ್ಲ. ಈಗ ತಿಳೀತು." ಎಂದು ಬಹಳ ಹೊತ್ತು ಏನೋ ಬರೆದಳು. ಆ ಬರೆಯುವಿಕೆ ಹೊಳಬಸಪ್ಪನಿಗೆ ಮೂರು ಗೆರೆಗಿಂತ ಕೆಟ್ಟದಾಗಿ ಕಂಡಿತು.

ಏಪ್ರಿಲ್ ಮೂರು ವಾರ ಹೇಗೋ ದಾಟಿತು. ಬಂದ ಕೆಂಪುಗಳೆಲ್ಲ ತಾವಾಗಿಯೇ ಬಂದು ತಾವಾಗಿಯೇ ಹೋಗುವಂಥವು. ಹದಿನೈದು ನಿಮಿಷದೊಳಗೆ ಆರಿಬಿಡುತ್ತಿದ್ದವು. ಗುಂಡಿ ಮುಟ್ಟುವ ಪ್ರಸಂಗ ಬರಲಿಲ್ಲ. ತಿಂಗಳ ಕೊನೆಯ ಶನಿವಾರ, ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ, ಪರದೆಯ ಮೇಲೆ ಇಳಕಲ್ಲು ಕೆಂಪಾಯಿತು.

ಇಳಕಲ್ಲಿನ ಸರ್ವರ್ ಕೋಣೆಯ ಬಿಸಿ ಮೂವತ್ತೈದು ಡಿಗ್ರಿ ದಾಟಿತ್ತು. ಇಪ್ಪತ್ನಾಲ್ಕರಲ್ಲಿ ಇರಬೇಕಾದದ್ದು. ನಲವತ್ತೆರಡಾದರೆ ಯಂತ್ರ ತನ್ನಷ್ಟಕ್ಕೆ ನಿಲ್ಲುತ್ತದೆ, ಸರಿಯಾಗಿ ನಿಲ್ಲದಿದ್ದರೆ ಒಳಗಿನ ಡಿಸ್ಕು ಹೋಗುತ್ತದೆ. ವರ್ಷಗಟ್ಟಲೆಯ ಎಕ್ಸ್‌ರೇಗಳು ಅದರಲ್ಲಿದ್ದವು.

ಹೊಳಬಸಪ್ಪನ ಕೈ ಗುಂಡಿಯ ಕಡೆ ಹೋಗಲಿಲ್ಲ. ತಲೆ ಮಾತ್ರ ಓಡತೊಡಗಿತು. ಬಾದಾಮಿಯಲ್ಲಿ ಸುಳ್ಳು ಕೆಂಪು ಹಚ್ಚಿದವಳು ಇಲ್ಲಿಯೂ ಯಾಕೆ ಹಚ್ಚಿರಬಾರದು? ಅಥವಾ ಶ್ರೀಶೈಲ ಸಾಹೇಬರೇ ಹಚ್ಚಿಸಿರಬೇಕು. ಒತ್ತಿದೆನೋ, 'ಮೊದಲು ಕಂಡವರು ಹೊಳಬಸಪ್ಪ' ಎಂದು ನೋಟಿಸು, ನೋಟಿಸಿನ ಬೆನ್ನಿಗೆ ಹುನಗುಂದ. ಒತ್ತದಿದ್ದರೆ ಹದಿನೈದು ನಿಮಿಷ ದಾಟಿ ನಾಲ್ವರ ಕೆಲಸವೂ ಪುಣೆಗೆ. ಒಟ್ಟಿನಲ್ಲಿ ಬೇರೆ ಯಾರಾದರೂ ಒತ್ತಬೇಕು. ಅವನು ಫೋನು ಎತ್ತಿಕೊಂಡ.

"ದಾನಮ್ಮ, ಊಟಾ ಆತೇನವಾ?"

"ಆತ್ರಿ. ನಿಮ್ದು?"

"ಆಗೇತಿ. ಮತ್ತ ಏನರ ಕಂಡಿಯೇನು?"

"ಏನ್ರಿ ಕಾಣೋದು? ನಾ ಏನೂ ಕಂಡಿಲ್ಲ. ಇಳಕಲ್ಲಿನ್ಯಾಗ ಬಿಸಿ ಏರಿದ್ದಂತೂ ನಾ ಕಂಡs ಇಲ್ಲ."

ಬೀರಲಿಂಗನಿಗೆ ಹಚ್ಚಿದ. ಬೀರಲಿಂಗ ಎತ್ತಿದವನೇ, "ಸರ, ನಾ ಈಗ ಮಹಾಕೂಟದ ಹಾದ್ಯಾಗ ಅದೇನಿ, ಇಲ್ಲಿ ನೆಟ್‌ವರ್ಕ್ ಇಲ್ಲ," ಅಂದ. ನೆಟ್‌ವರ್ಕ್ ಇಲ್ಲದವನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂದೆ ಬಾದಾಮಿ ಆಸ್ಪತ್ರೆಯ ಲಿಫ್ಟಿನ ಗಂಟೆಯೂ ಕೇಳುತ್ತಿತ್ತು.

ಎಂಟು ನಿಮಿಷ ಕಳೆದಿತ್ತು. ಮೂವತ್ತೇಳು ಪಾಯಿಂಟ್ ಒಂದು. ಮೂವತ್ತೇಳು ಪಾಯಿಂಟ್ ನಾಲ್ಕು. ಸ್ವಲ್ಪ ಇಳಿದು ಮೂವತ್ತೇಳು ಪಾಯಿಂಟ್ ಎರಡು. ಮತ್ತೆ ಏರಿತು. ಹೊಳಬಸಪ್ಪ ಬಗ್ಗಿ ನೋಡಿದ. ಯಾಸ್ಮೀನಳ ಸುಳ್ಳು ಕೆಂಪು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಅಂಕಿ ಏರಿತ್ತು. ಇದು ಏದುಸಿರು ಬಿಡುವವನ ಹಾಗೆ ತಡವರಿಸುತ್ತಿತ್ತು. ಹತ್ತೊಂಬತ್ತು ವರ್ಷ ಎಲ್ಲರನ್ನೂ ಅನುಮಾನಿಸಿದ ಕಣ್ಣಿಗೆ ಈ ಒಂದು ವಿಷಯದಲ್ಲಿ ಅನುಮಾನ ಉಳಿಯಲಿಲ್ಲ. ಇದು ಖರೆ.

ಜಾಫರಸಾಬನಿಗೆ ಹಚ್ಚಿದ.

"ಜಾಫರ್, ಎಲ್ಲಿದ್ದಿ?"

"ಮನ್ಯಾಗರಿ ಸರ. ಊಟಕ್ಕ ಬಂದೇನಿ."

"ನಿಮ್ಮ ಖೋಲಿ..."

"ನಾ ನೋಡಿಲ್ಲರಿ. ಮೂವತ್ತೆಂಟಾಗೇತಿ ಅಂತ ನಾ ನೋಡಿಲ್ಲ. ನೀವು ಹೇಳಿದ್ರ ಈಗ ಓಡತೇನಿ. ಚಪ್ಪಲಿ ಹಾಕ್ಕೊಂಡs ಕುಂತೇನಿ."

"ಏನು ಚಪ್ಪಲಿ ಹಾಕ್ಕೊಂಡು ಕುಂತೀಯಾ? ಹಂಗಾದ್ರ ಒತ್ತಿ ಓಡಬಾರದೇನೋ?"

ಜಾಫರಸಾಬ ಬೇಸರವೂ ಇಲ್ಲದೆ, ಸಿಟ್ಟೂ ಇಲ್ಲದೆ ಹೇಳಿದ: "ನೀವs ಕಲಿಸಿದ್ದಲ್ರಿ ಸರ."

ಗಡಿಯಾರದಲ್ಲಿ ಒಂದು ಇಪ್ಪತ್ತಾರು. ಇಳಕಲ್ಲಿನಲ್ಲಿ ಒಬ್ಬ ಅರವತ್ತರ ಹತ್ತಿರದ ಮನುಷ್ಯ ಚಪ್ಪಲಿ ಹಾಕಿಕೊಂಡು, ಓಡಲು ತಯಾರಾಗಿ, ಕಂಡಿಲ್ಲವೆಂದು ಹೇಳುತ್ತ ಕೂತಿದ್ದಾನೆ. ಹೊಳಬಸಪ್ಪ ಒಂದು ಸಲ ಕಣ್ಣು ಮುಚ್ಚಿ, ತೆರೆದು, ಗುಂಡಿ ಒತ್ತಿದ. ಕೆಂಪಿನ ಕೆಳಗೆ ಅಕ್ಷರ ಮೂಡಿತು: 'ಗಮನಿಸಿದವರು ಹೊಳಬಸಪ್ಪ. ಸಮಯ 1.26.' ಪಂಚಾಯತಿ ಕಟ್ಟೆಯ ಮೇಲೆ ತನ್ನ ಹೆಸರು ಬರೆದು ಹಚ್ಚಿದ ಹಾಗೆ ಅನ್ನಿಸಿತು.

"ಒತ್ತೇನಿ. ಇನ್ನ ಓಡು! ಬಾಗಲಾ ತಗಿ, ಫ್ಯಾನ್ ಹಚ್ಚು. ಎಕ್ಸ್‌ರೇದ್ದು ಬಿಟ್ಟು ಉಳಿದ ಯಂತ್ರ ಎಲ್ಲಾ ಬಂದ್ ಮಾಡು. ಎ.ಸಿ.ಗೆ ಏನಾಗೇತಿ ಮ್ಯಾಲೆ ಹತ್ತಿ ನೋಡು."

ಹನ್ನೆರಡು ನಿಮಿಷದ ಮೇಲೆ ಜಾಫರಸಾಬ ಮಾಳಿಗೆಯಿಂದ ಫೋನ್ ಮಾಡಿದ. ಮೇಲುಸಿರು ಬಿಡುತ್ತಿದ್ದ; ಮೊದಲು ನಕ್ಕ, ಆಮೇಲೆ ಹೇಳಿದ. ಆಸ್ಪತ್ರೆಯ ಆಯಾಗಳು ಸಂಡಿಗೆ ಹಾಕಿದ್ದರಂತೆ. ಬಿಸಿಲಿನಲ್ಲಿ ಎರಡು ದಿನ ಹಿಡಿಯುವುದು ಎ.ಸಿ.ಯ ಹೊರಪೆಟ್ಟಿಗೆಯ ಬಿಸಿಗಾಳಿಗೆ ಅರ್ಧ ದಿನಕ್ಕೆ ಒಣಗುತ್ತದೆಂದು ಯಾರೋ ಪತ್ತೆ ಮಾಡಿದ್ದರು. ಒಂದು ತಟ್ಟೆಯಿಂದ ಶುರುವಾದದ್ದು ಈಗ ಹದಿನಾಲ್ಕು ತಟ್ಟೆಯಾಗಿ, ಪೆಟ್ಟಿಗೆಯ ಸುತ್ತ ಗೋಡೆ ಕಟ್ಟಿದ ಹಾಗೆ ನಿಂತು, ಮೇಲೆ ಕಾಗೆ ಬಾರದಿರಲೆಂದು ಒಂದು ಹಳೆಯ ಸೀರೆಯನ್ನೂ ಹೊದಿಸಲಾಗಿತ್ತು. ಎ.ಸಿ. ಉಸಿರು ಕಟ್ಟಿ ನಿಂತಿತ್ತು.

"ಎಷ್ಟು ದಿನದಿಂದ ನಡದೈತಿ ಇದು?"

"ಒಂದು ವಾರ ಆತಂತರಿ. ಎಲ್ಲಾರೂ ಕಂಡಾರಂತ. ಯಾರೂ ಹೇಳಿಲ್ಲ."

ಎರಡು ಗಂಟೆಗೆ ಇಳಕಲ್ಲು ಹಸಿರಾಯಿತು. ಒಂದು ಎಕ್ಸ್‌ರೇಯೂ ಹೋಗಲಿಲ್ಲ.

ನೋಟಿಸು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂತು. ಹೊಳಬಸಪ್ಪನ ಜೀವನದಲ್ಲಿ ಅವನ ಅನುಮಾನ ಇಷ್ಟು ಬೇಗ, ಇಷ್ಟು ನಿಖರವಾಗಿ ನಿಜವಾದದ್ದು ಇದೇ ಮೊದಲು. ಒಂದು ಕ್ಷಣ ಹೆಮ್ಮೆಯಂಥದ್ದೇನೋ ಆಯಿತು. 'ದಿನಾಂಕ ಇಷ್ಟರಂದು ಇಳಕಲ್ ಶಾಖೆಯಲ್ಲಿ ಸಂಭವಿಸಿದ ದೋಷವನ್ನು ಮೊದಲು ಗಮನಿಸಿದವರು ತಾವೆಂದು ದಾಖಲೆಯಿಂದ ತಿಳಿದುಬಂದಿರುತ್ತದೆ. ಈ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು.' ಅದನ್ನು ಮಡಚಿ ಸ್ವೆಟರಿನ ಒಳಗೆ ಇಟ್ಟುಕೊಂಡು, ಆಮೇಲೆ ಸ್ವೆಟರನ್ನೇ ಬಿಚ್ಚಿ ಕುರ್ಚಿಗೆ ಹಾಕಿದ. ಹುನಗುಂದದ ಖೋಲಿಯಲ್ಲಿ ಅದರ ಅಗತ್ಯ ಬೀಳುವುದಿಲ್ಲ. ನೋಟಿಸು ಕೈಯಲ್ಲಿ ಹಿಡಿದು ಸಾಹೇಬರ ಕೋಣೆಗೆ ಹೋದ.

ಯಾಸ್ಮೀನ ಅಲ್ಲಿಯೇ ಕೂತಿದ್ದಳು. ಇದನ್ನೂ ಅವನು ಮೊದಲೇ ಊಹಿಸಿದ್ದ.

"ಹೇಳ್ರಿ," ಎಂದರು ಶ್ರೀಶೈಲ ಸಾಹೇಬರು. "ಒಂದು ಹನ್ನೆರಡಕ್ಕ ಕೆಂಪು ಬಂದೈತಿ. ನೀವು ಒಂದು ಇಪ್ಪತ್ತಾರಕ್ಕ ಒತ್ತೀರಿ. ಮೊದಲ ಕಂಡಾವ್ರು ನೀವು. ಹದಿನಾಲ್ಕು ಮಿನಿಟು ಏನ್ ಮಾಡತಿದ್ರಿ?"

"ಅನುಮಾನ ಮಾಡತಿದ್ದೆರಿ ಸಾಹೇಬ್ರ," ಎಂದ ಹೊಳಬಸಪ್ಪ. ಹೋಗುವುದು ಹೋಗಿಯೇ ಹೋಗುತ್ತದೆ ಎಂದಾದಾಗ ಬಾಯಿ ತಾನಾಗಿ ನಿಜ ಹೇಳುತ್ತದೆ. "ಒತ್ತಿದ್ರ ಈ ಕಾಗದ ಬರ್ತದಂತ ಗೊತ್ತಿತ್ತು. ಬಂತು."

"ಮೊದಲು ಕಂಡವರು ಇವರಲ್ಲರಿ ಸರ್," ಎಂದಳು ಯಾಸ್ಮೀನ.

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಿರುಗಿಸಿಟ್ಟಳು. "ಬಾದಾಮಿ ತರಬೇತಿ ಆದ ಮ್ಯಾಲೆ ಸಾಫ್ಟ್‌ವೇರಿನ್ಯಾಗ ಒಂದು ಹೊಸಾದು ಸೇರಿಸೇನ್ರಿ. ಮೊದಲ ಯಾರು ಒತ್ತಿದ್ರು ಅನ್ನೋದಷ್ಟs ಬರೀತಿತ್ತು. ಈಗ ಕೆಂಪನ್ನ ಯಾರ್‍ಯಾರು ತಗದು ನೋಡಿದ್ರು, ಎಷ್ಟು ಹೊತ್ತು ನೋಡಿದ್ರು, ಅದನ್ನೂ ಬರೀತೈತಿ."

ಹೊಳಬಸಪ್ಪನಿಗೆ ಸಿಡಿಲು ಬಡಿದ ಹಾಗಾಯಿತು. ಕಣ್ಣಿಡುವವರ ಮೇಲೆ ಕಣ್ಣು! ತನ್ನ ಅನುಮಾನಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಪಟ್ಟಿಯಲ್ಲಿ ಜಾಫರಸಾಬ ಒಂದು ಹದಿನಾಲ್ಕು. ದಾನಮ್ಮ ಒಂದು ಹದಿನಾಲ್ಕು. ಬೀರಲಿಂಗ ಒಂದು ಹದಿನೈದು. ಹೊಳಬಸಪ್ಪ ಒಂದು ಹದಿಮೂರು. ಎಲ್ಲರಿಗಿಂತ ಮೇಲೆ, ಒಂದು ಹನ್ನೆರಡಕ್ಕೆ, ಐದನೆಯ ಹೆಸರೊಂದಿತ್ತು.

ಶ್ರೀಶೈಲ ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು. ತೆಗೆದು ಓದಿದರು. ಎರಡೂ ರೀತಿಯಲ್ಲಿ ಅದು ಅವರ ಹೆಸರೇ ಆಗಿತ್ತು.

"ಪರೀಕ್ಷೆ ನಡದೈತಲ್ಲ ಅಂತ ಮೊಬೈಲಿನ್ಯಾಗ ಹಾಕಿಸ್ಕೊಂಡಿದ್ದೆ," ಎಂದರು ಕನ್ನಡಕವನ್ನು ಮೇಜಿನ ಮೇಲಿಟ್ಟು. "ಊಟಕ್ಕ ಕುಂತಿದ್ದೆ. ಬೆರಳು ತಾಗಿರಬೇಕು."

"ನಾಲ್ಕು ಮಿನಿಟು ತಾಗೇತ್ರಿ ಸರ್."

ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಆ ಕುರ್ಚಿಯಲ್ಲಿ ಕೂತು ಎಷ್ಟು ಜನರಿಗೆ ಅದೇ ಪ್ರಶ್ನೆ ಕೇಳಿದ್ದರೋ; ಸಾಹೇಬರಿಗೂ ಆ ಪ್ರಶ್ನೆಯನ್ನು ಹಿಂದಿನ ಅಧಿಕಾರಿ ಕುರ್ಚಿಯ ಜೊತೆಗೇ ಬಿಟ್ಟುಹೋಗಿದ್ದರೇನೋ. ಕೊನೆಗೆ ಅವರು ಕೈ ಚಾಚಿದರು.

"ಆ ಕಾಗದ ಇತ್ತಾಗ ಕೊಡ್ರಿ ಹೊಳಬಸಪ್ಪ."

ಕಾಗದ ಡ್ರಾಯರಿನೊಳಗೆ ಹೋಯಿತು. ಹದಿನೈದು ನಿಮಿಷದೊಳಗೆ ಒತ್ತಿದ್ದರಿಂದ ಪರೀಕ್ಷೆ ಪಾಸು. ಕಣ್ಣಿಡುವ ಕೆಲಸ ಬಾಗಲಕೋಟೆಯಲ್ಲಿಯೇ ಉಳಿಯಿತು, ಹೊಳಬಸಪ್ಪನೂ ಉಳಿದ. ಒಂದೇ ಷರತ್ತು. ಯಾಸ್ಮೀನ ಹುಬ್ಬಳ್ಳಿಗೆ ಹೋಗುತ್ತಾಳೆ, ಇನ್ನು ಮುಂದೆ ತರಬೇತಿ ಕೊಡಬೇಕಾದವನು ಹೊಳಬಸಪ್ಪನೇ.

ಹೊರಗೆ ಪಡಸಾಲೆಯಲ್ಲಿ ಅವನು ಅವಳನ್ನು ತಡೆದ. "ಯವ್ವಾ, ಒಂದು ಕೇಳ್ತೇನಿ. ಸಾಹೇಬ್ರ ಹೆಸರು ಬರ್ತದಂತ ನಿನಗ ಮೊದಲs ಗೊತ್ತಿತ್ತೇನು?"

"ಇಲ್ರಿ ಸರ್."

"ಹೂಂ," ಎಂದ ಹೊಳಬಸಪ್ಪ. ಅವಳ ಮುಖವನ್ನು ಚೆನ್ನಾಗಿ ನೋಡಿದ. ನಂಬಿದನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ.

ಮರುವಾರ ಬಾದಾಮಿಯ ಅದೇ ಹಾಲಿನಲ್ಲಿ ಅವನು ಮೂವರ ಮುಂದೆ ನಿಂತ. ಜೀವನದಲ್ಲಿ ಮೊದಲ ಬಾರಿಗೆ, ಬಾಗಿಲು ತೆರೆದಿಟ್ಟು ಪಾಠ ಹೇಳಿದ. ಇಷ್ಟು ವರ್ಷ ತಾನು ಹೇಳಿದ್ದನ್ನು ಬಿಟ್ಟುಬಿಡಬೇಕು, ಕೆಂಪು ಕಂಡ ಕೂಡಲೇ ಒತ್ತಬೇಕು, ಒತ್ತಿ ಓಡಬೇಕು, ನಡುವೆ ಯಾರಿಗೂ ಫೋನು ಇಲ್ಲ, ಊಟ ಆಯಿತೇ ಎಂಬ ವಿಚಾರಣೆಯೂ ಇಲ್ಲ.

ಮೂವರೂ ತಲೆಯಾಡಿಸಿದರು. ತಲೆಯಾಡಿಸಿದ್ದು ತೀರಾ ಬೇಗವಾಯಿತು ಎನ್ನಿಸಿತು ಅವನಿಗೆ.

"ಸರ," ಎಂದ ಬೀರಲಿಂಗ, "ಇದನ್ನ ಸಾಹೇಬ್ರು ಹೇಳಂದಾರೋ, ನೀವಾಗೇ ಹೇಳಾಕತ್ತೀರೋ?"

"ನಾನs ಹೇಳಾಕತ್ತೇನಿ."

"ನೋಟಿಸು ಬಂದ್ರ?"

"ಬರಂಗಿಲ್ಲ."

"ನಿಮಗ ಬಂದಿತ್ತಂತಲ್ರಿ," ಎಂದಳು ದಾನಮ್ಮ.

ಹೊಳಬಸಪ್ಪ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. ಅವರ ಮೂರೂ ಮುಖಗಳಲ್ಲಿದ್ದದ್ದನ್ನು ಅವನು ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ನೋಡಿ ಬಲ್ಲ.

"ಬರದು ಕೊಡ್ರಿ ಸರ," ಎಂದ ಜಾಫರಸಾಬ ಮೆತ್ತಗೆ. "ನಿಮ್ಮ ಮ್ಯಾಲೆ ನಂಬಿಕಿ ಇಲ್ಲಂತಲ್ಲ. ಬರದು ಕೊಟ್ರ ಛಲೋ."

ಹೊಳಬಸಪ್ಪ ಒಂದು ಹಾಳೆ ಹರಿದು ಬರೆದ: 'ಮೊದಲು ಒತ್ತಿದವರಿಗೆ ನೋಟಿಸು ಬಂದರೆ ಉತ್ತರ ನಾನು ಕೊಡುತ್ತೇನೆ.' ಕೆಳಗೆ ಸಹಿ ಹಾಕಿದ. ದಾನಮ್ಮ ಅದನ್ನು ಎರಡು ಸಲ ಓದಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡಳು. ಬೀರಲಿಂಗನೂ ಹೊಡೆದುಕೊಂಡ. ಜಾಫರಸಾಬ ಹಾಳೆಯನ್ನು ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನ ತನಕ ಬೆರಳು ಆಡಿಸಿದ.

"ತಾರೀಖು ಹಾಕಿಲ್ಲರಿ ಸರ," ಎಂದ.

ಹೊಳಬಸಪ್ಪ ಹಾಳೆ ಹಿಂದಕ್ಕೆ ತೆಗೆದುಕೊಂಡು ತಾರೀಖು ಹಾಕಿದ.